ಸುಬೇದಾರರಿಗೆ ಆಗ ವಯಸ್ಸಾಗಿತ್ತೇ?

ಬಾಕ್ಸಿಂಗ್‌ನಲ್ಲಿ ಗೆದ್ದರೆ ಅಲ್ಲಿಗೆ ಮುಗಿಯಿತು ಎಂದುಕೊಳ್ಳುವವರು ನಮ್ಮ ಚೆಟ್ಟಳ್ಳಿಗೆ ಬರಬೇಕು. ಇಲ್ಲಿ ಗೆದ್ದವರ ಪಾಡು ಗೆದ್ದ ಮೇಲೆಯೇ ಶುರುವಾಗುತ್ತದೆ, ಏನಾದರೊಂದು ಪ್ರಸಂಗ ನಡೆಯುತ್ತಲೇ ಇರುತ್ತದೆ.

ನಮ್ಮ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರು ಪ್ರಾಯದಲ್ಲಿ ತಿತಿಮತಿಯ ಸುಬೇದಾರರನ್ನು ಸೋಲಿಸಿದ್ದರು. ಸುಬೇದಾರರು ಮಿಲಿಟರಿಯಲ್ಲಿ ಚಾಂಪಿಯನ್ ಆಗಿ, ಪೆನ್ಶನ್ ಪಡೆದು ಊರಿಗೆ ಬಂದಿದ್ದವರು. ರೈಟರಿಗೆ ಹೇಳಿಕೊಳ್ಳಲು ಇದ್ದ ಗೆಲುವು ಅದೊಂದೇ. ವಯಸ್ಸಾದವರನ್ನು ಹೊಡೆದದ್ದು ಏನು ಮಹಾ ಎಂದು ಯಾರಾದರೂ ಅಂದರೆ ಅವರ ಮುಖ ಸಪ್ಪಗಾಗುತ್ತದೆ. ಎಸ್ಟೇಟಿನ ಜೀಪು ಓಡಿಸುವ ನನಗೆ ಅದನ್ನು ನೋಡಲಾಗುವುದಿಲ್ಲ.

೧. ಟೀ ಅಂಗಡಿಯಲ್ಲಿ

ಟೀ ಅಂಗಡಿಯವನಿಗೆ ಬೆಳಿಗ್ಗೆ ಎದ್ದರೆ ರೈಟರನ್ನು ಕೆಣಕುವುದೇ ಕೆಲಸ. ಒಂದು ದಿನ, ಆ ಪಂದ್ಯದ ಹೊತ್ತಿಗೆ ಸುಬೇದಾರರಿಗೆ ಮೊಮ್ಮಗ ಹುಟ್ಟಿದ್ದನಂತಲ್ಲ ಎಂದು ಕೇಳಿದ. ರೈಟರು ಲೋಟ ಕುಕ್ಕಿ ಎದ್ದರು.

"ಗೊತ್ತಿಲ್ಲದೆ ಮಾತಾಡಬೇಡ ಮಾರಾಯ. ಮೊಮ್ಮಗ ಅಲ್ಲ, ಮೊಮ್ಮಗಳು."

೨. ಗೋಡೆಯ ಫೋಟೊ

ಪಂದ್ಯದ ಫೋಟೊ ರೈಟರ ಮನೆಯ ಹಜಾರದಲ್ಲಿದೆ. ಮೊನ್ನೆ ನೋಡಿದರೆ ಸುಬೇದಾರರ ತಲೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಹತ್ತಿರ ಹೋದಾಗ ಅದು ಸ್ಕೆಚ್ ಪೆನ್ನಿನ ಕೆಲಸ ಎಂದು ತಿಳಿಯಿತು. ಮೀಸೆಗೂ ಬಳಿದಿದ್ದರು. ಕಾಫಿ ತಂದ ಅವರ ಹೆಂಡತಿಯೇ ಹೇಳಿದರು.

"ನನ್ನ ತಲೆ ನೆರೆತು ಎಷ್ಟು ಕಾಲ ಆಯ್ತು, ಒಂದಿನ ಬಣ್ಣ ತಂದುಕೊಟ್ಟವರಲ್ಲ. ಸುಬೇದಾರರಿಗಾದ್ರೆ ಕೂತು ಹಚ್ಚಿದಾರೆ."

೩. ಮದುವೆ ಚಪ್ಪರದಲ್ಲಿ

ರೈಟರ ಮಗಳ ಮದುವೆಗೆ ಸುಬೇದಾರರೇ ಬಂದರು. ಕೋಲು ಊರಿಕೊಂಡು ಬಂದರೂ ಬೆನ್ನು ಮಾತ್ರ ನೆಟ್ಟಗಿತ್ತು. ಹೊಸ ಬೀಗರ ಮುಂದೆ ರೈಟರು ತಮ್ಮ ಗೆಲುವನ್ನು ಚೆನ್ನಾಗಿಯೇ ಹೊಗಳಿಕೊಂಡಿದ್ದರು. ಊಟ ಮುಗಿಯುತ್ತಿದ್ದಂತೆ ಟೀ ಅಂಗಡಿಯವನು ಬೀಗರೆದುರೇ ಬಾಯಿ ಬಿಟ್ಟ. ಸೋತ ದಿನ ನಿಮಗೆ ವಯಸ್ಸಾಗಿತ್ತೋ ಇಲ್ಲವೋ ಎಂದು ಸುಬೇದಾರರನ್ನೇ ಕೇಳಿಬಿಟ್ಟ. ರೈಟರು ಎಲೆಯಡಿಕೆ ತಟ್ಟೆ ಹಿಡಿದು ನಿಂತಲ್ಲೇ ನಿಂತರು.

"ವಯಸ್ಸಾ? ನನಗಾ? ಆ ದಿನ ಇದ್ದಷ್ಟು ಗಟ್ಟಿ ನಾನು ಯಾವತ್ತೂ ಇರಲಿಲ್ಲ. ಇವನ ಏಟು ಹಾಗಿತ್ತು," ಎಂದರು ಸುಬೇದಾರರು.

ರೈಟರು ಕಣ್ಣೊರೆಸಿಕೊಂಡರು. ಬೀಗರು ಎದ್ದು ಅವರ ಕೈ ಕುಲುಕಿದರು.

ಸುಬೇದಾರರನ್ನು ತಿತಿಮತಿಗೆ ಬಿಡಲು ಜೀಪು ತೆಗೆದೆ. ನಿಮ್ಮದು ದೊಡ್ಡ ಮನಸ್ಸು, ನಮ್ಮ ರೈಟರ ಮಾನ ಉಳಿಸಿದಿರಿ ಎಂದೆ. ಅವರು ಕೋಲನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ನನ್ನ ಕಡೆ ವಾಲಿದರು.

"ಮನಸ್ಸೂ ಇಲ್ಲ ಏನೂ ಇಲ್ಲ. ಸೋತವನ ವಯಸ್ಸು ಕೇಳ್ತಾ ಹೋದರೆ ನಾಳೆ ನನ್ನ ಬುಡಕ್ಕೇ ಬರ್ತದೆ. ನಾನು ಚಾಂಪಿಯನ್ ಆದೆನಲ್ಲ, ಅವತ್ತಿನ ಎದುರಾಳಿ ಗ್ಲೌಸ್ ಹಾಕೋ ಮೊದಲು ಹಲ್ಲುಸೆಟ್ ಬಿಚ್ಚಿ, ಜೋಪಾನ ಅಂತ ನನ್ನ ಕೈಗೇ ಕೊಟ್ಟಿದ್ದ. ಗೆದ್ದ ಗಲಾಟೆಯಲ್ಲಿ ಅದೂ ಕಪ್ ಜೊತೆ ಮನೆಗೆ ಬಂದುಬಿಡ್ತು."