ಗುಮಾಸ್ತರ ಮನೆಯ ಹಾಲುಚೀಲ

ಮಧುಗಿರಿಯ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಶಂಕರಲಿಂಗಪ್ಪನಿಗೆ ರಾಗಿ ಹಾಲುಬಾಯಿ ಎಂದರೆ ಪ್ರಾಣ. ಆದರೆ ಒಂದು ವರ್ಷದಿಂದ ಅವನ ಮನೆಯಲ್ಲಿ ಹಾಲುಬಾಯಿಯ ಸುದ್ದಿಯೇ ಇರಲಿಲ್ಲ. ಹೆಂಡತಿ ಬಸವಮ್ಮ ರಾಗಿಹಾಲು ಸೋಸುತ್ತಿದ್ದ ಬಟ್ಟೆಚೀಲದಲ್ಲಿ ಈ ಮಹಾನುಭಾವ ದೀಪದ ಹರಳೆಣ್ಣೆ ಸೋಸಿಟ್ಟಿದ್ದ. ಅದೆಷ್ಟು ತೊಳೆದರೂ ವಾಸನೆ ಹೋಗಲಿಲ್ಲ, ಬಸವಮ್ಮನ ಸಿಟ್ಟೂ ಹೋಗಲಿಲ್ಲ. ಕೊನೆಗೆ ಮೊಮ್ಮಗಳ ಗೋಳು ಕೇಳಿ ಸಿರಾದ ಅಜ್ಜಿ ತನ್ನ ಕೈಯಾರೆ ಹೊಸ ಚೀಲ ಹೊಲಿದು ಕಳಿಸಿದಳು. ತೆಳ್ಳನೆಯ ಮಲ್ಲು ಬಟ್ಟೆ, ಬಾಯಿಗೆ ಉದ್ದನೆಯ ಲಾಡಿ, ಅಂಚಿಗೆ ಇರುವೆ ಸಾಲಿನಂಥ ಹೊಲಿಗೆ.

ಆ ಭಾನುವಾರ ಬೆಳಿಗ್ಗೆ ಅದರಲ್ಲಿ ಕಾಯಿಹಾಲು ಹಿಂಡಿ ಗಂಡನಿಗೆ ಒತ್ತುಶಾವಿಗೆ ಬಡಿಸಿದ್ದಾಗಿತ್ತು. ಸಂಜೆಯ ಹಾಲುಬಾಯಿಗೆ ರಾಗಿಯೂ ನೆನೆಯುತ್ತಿತ್ತು. ಕೊರಟಗೆರೆ ದಾರಿಯ ಹಳ್ಳಿಯಲ್ಲಿ ತಂಗಿಯ ಮಗುವಿಗೆ ತೊಟ್ಟಿಲ ಶಾಸ್ತ್ರ. ಗಾಡಿ ಹತ್ತುತ್ತಲೇ ಬಸವಮ್ಮ ಶುರು ಮಾಡಿದಳು.

"ಇಲ್ನೋಡಿ, ಚೀಲದ ಒಳಮಗ್ಗಲು ಹೊರಕ್ಕೆ ತಿರುಗ್ಸಿ. ಮೂಲೇಲಿ ಕಾಯಿ ಹಿಪ್ಪೆ ಸೇರ್ಕೊಂಡಿರ್ತದೆ, ಬೆರಳಲ್ಲಿ ತೆಗೀರಿ. ತಣ್ಣೀರು ಮಾತ್ರ. ಸೀಗೆಪುಡಿ ಸೋಕಿಸ್ಬ್ಯಾಡಿ, ಕಲ್ಲಿಗೆ ಬಡೀಬ್ಯಾಡಿ, ಬಿಸಿಲಿಗೆ ಹಾಕ್ಬ್ಯಾಡಿ. ನೆಳ್ಳಲ್ಲಿ ಗಾಳಿ ಆಡೋ ಕಡೆ ನೇತಾಕಿ."

"ನಾನೇನು ಎಳೆಮಗೂನೇನೆ?"

"ಎಳೆಮಗ ಆಗಿದ್ರೆ ತೊಟ್ಟಿಲಿಗೆ ಹಾಕಿ ಹೋಗ್ತಿದ್ದೆ. ಇದಕ್ಕೂ ಏನಾರ ಆಯ್ತೋ, ಈ ಜನ್ಮಕ್ಕೆ ಹಾಲುಬಾಯಿ ಮರ್ತ್ಬುಡಿ!"

ಶಂಕರಲಿಂಗಪ್ಪ ಅವಳು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ. ಚೀಲ ತಿರುಗಿಸಿದ, ಹಿಪ್ಪೆ ಬಿಡಿಸಿದ, ತಣ್ಣೀರಲ್ಲಿ ಅದ್ದಿದ. ಆದರೆ ಹಿತ್ತಲಲ್ಲಿ ಬಾನಿಗಳು ಎರಡಿದ್ದವು. ಒಂದರಲ್ಲಿ ಬಾವಿಯ ನೀರು. ಇನ್ನೊಂದರಲ್ಲಿ ಜಗಲಿಗೆ ಬಳಿಯಲೆಂದು ಬಸವಮ್ಮ ನೆನೆಹಾಕಿದ್ದ ಕೆಮ್ಮಣ್ಣು. ಮಣ್ಣೆಲ್ಲ ತಳಕ್ಕೆ ಕೂತು ಮೇಲೆ ನೀರು ತಿಳಿಯಾಗಿತ್ತು. ಪುಣ್ಯಾತ್ಮ ಅದಕ್ಕೇ ಮೊಳಕೈವರೆಗೆ ಕೈ ಇಳಿಸಿ ಚೀಲ ಜಾಲಾಡಿದ. ಎತ್ತಿ ನೋಡುತ್ತಾನೆ, ಬೆಳ್ಳಗಿದ್ದ ಚೀಲ ಅಪ್ಪಟ ಕಾವಿ!

"ಅಯ್ಯೋ ಶಿವನೇ, ಕೆಟ್ಟೆ!"

ಉಜ್ಜಲು ಹೋದರೆ ನೂಲು ಜರುಗಿದಂತೆ ಕಂಡಿತು. ಹೆದರಿ ಕೈಬಿಟ್ಟ. ಒಣಗಿದ ಮೇಲೆ ಕೊಡವಿದರೆ ಮಣ್ಣು ತಾನೇ ಉದುರೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹಿತ್ತಲಲ್ಲಿ ಕಾಯಿಯ ವಾಸನೆಗೆ ಬೆಕ್ಕು ಸುಳಿಯುತ್ತಿತ್ತು. ನೆರಳೂ ಗಾಳಿಯೂ ಇದ್ದದ್ದು ಬೀದಿ ಬಾಗಿಲಲ್ಲಿ ಮಾತ್ರ. ಅಲ್ಲಿಯ ಮೊಳೆಗೆ ಲಾಡಿ ಸಿಕ್ಕಿಸಿ ಜಗಲಿಯ ಮೇಲೆ ಕೂತ. ತೆಳುಬಟ್ಟೆ ಗಾಳಿಗೆ ಬೇಗನೆ ಆರಿತು.

ಆ ಕೇರಿಯಲ್ಲಿ ಬಾಗಿಲಿಗೆ ಕಾವಿ ಜೋಳಿಗೆ ನೇತಾಡುತ್ತಿದೆ ಎಂದರೆ ಜಂಗಮರು ಒಳಗೆ ಇಳಿದುಕೊಂಡಿದ್ದಾರೆಂದೇ ಲೆಕ್ಕ. ಬೀದಿಯವರು ಕೈಲಾದ ಭಿಕ್ಷೆ ಹಾಕಿ ಹೋಗುವುದು ರೂಢಿ. ಮೊದಲು ಕಂಡವಳು ಎದುರುಮನೆಯ ಕಮಲಾಕ್ಷಮ್ಮ. ಬೀದಿಯಲ್ಲಿ ನಾಯಿ ಸೀನಿದರೂ ಆಕೆಗೆ ಗೊತ್ತಾಗಬೇಕು.

"ಏನಣ್ಣ, ಅಯ್ನೋರು ಬಂದವ್ರಾ? ಒಂದು ಮಾತು ಹೇಳ್ಬಾರ್ದಾ?"

ಶಂಕರಲಿಂಗಪ್ಪ ಬಾಯಿ ತೆರೆದ. ಅದು ಹಾಲುಚೀಲ ಎಂದರೆ ಕಾವಿ ಹೇಗಾಯಿತು ಎಂದು ಕೇಳುತ್ತಾಳೆ. ಇವಳಿಗೆ ಗೊತ್ತಾದರೆ ಬಸವಮ್ಮನ ಗಾಡಿ ಊರು ಮುಟ್ಟುವ ಮೊದಲೇ ಸುದ್ದಿ ಅವಳ ಕಿವಿ ಮುಟ್ಟುತ್ತದೆ. ಹಾಲುಬಾಯಿ ಕಣ್ಣ ಮುಂದೆ ಬಂದು ನಿಂತಿತು.

"ಹ್ಞೂಂ ಕಣಮ್ಮ. ಒಳಗೆ ಪೂಜೆಗೆ ಕೂತವ್ರೆ" ಎಂದುಬಿಟ್ಟ.

ಕಮಲಾಕ್ಷಮ್ಮ ಓಡಿಹೋಗಿ ಮೊರದ ತುಂಬ ರಾಗಿಹಿಟ್ಟು ತಂದು ಚೀಲಕ್ಕೆ ಸುರಿದಳು. ತಡೆಯಲು ಎದ್ದವನನ್ನು "ಹಿತ್ತಲ ಕೊಚ್ಚೆ ಕೈಲಿ ಜೋಳಿಗೆ ಮುಟ್ತೀರಾ?" ಎಂದು ಗದರಿ ಕೂರಿಸಿದಳು. ಅವಳ ಹಿಂದೆ ಪಕ್ಕದ ಮನೆಯ ಮಹಾಲಿಂಗಯ್ಯ ಬಂದರು. ಪಿಂಚಣಿ ಪಡೆದ ಮೇಲೆ ಬೀದಿಯ ಸಮಸ್ತ ಧರ್ಮಕಾರ್ಯಗಳನ್ನೂ ಅವರೇ ವಹಿಸಿಕೊಂಡಿದ್ದರು. ಬೆಲ್ಲದ ಅಚ್ಚು ಹಾಕಿ ಒಳಗೆ ನುಗ್ಗಲು ನೋಡಿದರು.

"ದರ್ಶನ ಮಾಡ್ಕೊಂಡು ಬರ್ತೀನಿ."

"ಬ್ಯಾಡಿ! ಯಾರನ್ನೂ ಬಿಡ್ಬ್ಯಾಡ ಅಂತ ಅಪ್ಪಣೆ ಅದೆ" ಎಂದು ಶಂಕರಲಿಂಗಪ್ಪ ಅಡ್ಡ ನಿಂತ. ಮುದುಕರು ನಂಬುವಂತೆ ಕಾಣಲಿಲ್ಲ. ಮಾತಿಗೆ ಇನ್ನಷ್ಟು ತೂಕ ಬರಲೆಂದು ಸೇರಿಸಿದ: "ನಾನೂ ವ್ರತ ಹಿಡ್ದಿದ್ದೀನಿ. ನಾಳೆ ಹೊತ್ತು ಹುಟ್ಟೋ ಗಂಟ ಏನೂ ತಿನ್ನಂಗಿಲ್ಲ. ಇಲ್ಲೇ ಕೂತು ಬಾಗ್ಲು ಕಾಯ್ಬೇಕು."

"ಆಹಾ! ನಮ್ಮ ಬೀದೀಲಿ ಇಂಥ ಭಕ್ತ ಇದ್ದದ್ದೇ ಗೊತ್ತಿರ್ಲಿಲ್ವಲ್ಲ!" ಎಂದು ಮಹಾಲಿಂಗಯ್ಯ ಕೈಮುಗಿದರು.

ಅಷ್ಟರಲ್ಲಿ ಚೀಲ ತನ್ನ ಹುಟ್ಟುಗುಣ ತೋರಿಸಿತು. ಸೋಸುವ ಬಟ್ಟೆಯಲ್ಲಿ ಹಿಟ್ಟು ನಿಲ್ಲುತ್ತದೆಯೇ? ಗಾಳಿಗೆ ಅಲ್ಲಾಡಿದಾಗಲೆಲ್ಲ ಬೂದುಬಣ್ಣದ ನುಣ್ಣನೆಯ ಹಿಟ್ಟು ಹೊಸ್ತಿಲ ಮೇಲೆ ಉದುರತೊಡಗಿತು. ಮಹಾಲಿಂಗಯ್ಯ ಬಗ್ಗಿ ನೋಡಿದರು. ಅವರ ಕಣ್ಣು ಮೊದಲೇ ಮಬ್ಬು.

"ವಿಭೂತಿ! ಜೋಳಿಗೆಯಿಂದ ವಿಭೂತಿ ಉದುರ್ತಾ ಅದೆ ಕಣ್ರಪ್ಪೋ!" ಎಂದು ಕೂಗಿ ಹಣೆಗೆ ಮೂರು ಬೆರಳು ಎಳೆದುಕೊಂಡೇಬಿಟ್ಟರು.

ಮುಗಿಯಿತು. ಬೀದಿಗೆ ಬೀದಿಯೇ ನೆರೆಯಿತು. ಹಣೆಗೆಲ್ಲ ರಾಗಿಹಿಟ್ಟು, ಬಾಯಿಗೆಲ್ಲ ಶಿವನಾಮ. ಹಾಕಿದಷ್ಟೂ ಹಿಟ್ಟು ಉದುರಿತು, ಉದುರಿದಷ್ಟೂ ಜನ ಹಾಕಿದರು. ಶಂಕರಲಿಂಗಪ್ಪ ವ್ರತಧಾರಿಯ ಮುಖ ಹೊತ್ತು ನಡುವೆ ಕೂತಿದ್ದ. ಮಧ್ಯಾಹ್ನದ ಅನ್ನವೂ ಒಳಗೆ ತಣ್ಣಗಾಗುತ್ತಿತ್ತು.

ಹೊತ್ತು ವಾಲುವಾಗ ನಿಜವಾದ ಜಂಗಮರೊಬ್ಬರು ಬೀದಿಗೆ ಬಂದರು. ಸಿದ್ದರಬೆಟ್ಟಕ್ಕೆ ಹೊರಟಿದ್ದ ಚನ್ನಮಲ್ಲಯ್ಯನವರು. ದಾರಿಯಲ್ಲಿ ಯಾರದೋ ಕರು ಜಗಿದು ಹರಿದಿದ್ದ ಜೋಳಿಗೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು.

"ಪೂಜೆ ಮುಗೀತಾ ಬುದ್ಧಿ? ಹಿತ್ತಲ ಬಾಗ್ಲಿಂದ ಬಂದ್ಬುಟ್ರಾ!" ಎನ್ನುತ್ತಾ ಮಹಾಲಿಂಗಯ್ಯ ಕಾಲಿಗೆ ಬಿದ್ದರು. ಎದ್ದವರೇ ಚೀಲ ಬಿಚ್ಚಿ ಭಕ್ತಿಯಿಂದ ಅವರ ಹೆಗಲಿಗೆ ಏರಿಸಿದರು. "ತಗಳ್ಳಿ ಬುದ್ಧಿ, ನಿಮ್ಮ ಜೋಳಿಗೆ!"

ಅಯ್ಯನವರಿಗೆ ಕಣ್ಣಲ್ಲಿ ನೀರೇ ಬಂತು. "ಇದ್ದದ್ದು ಹರಿದುಹೋಗಿತ್ತು. ಕೇಳೋ ಮೊದ್ಲೇ ಕೊಟ್ರಲ್ಲಪ್ಪ, ಶಿವ ನಿಮ್ಮನ್ನ ಚೆನ್ನಾಗಿ ಇಟ್ಟಿರ್ಲಿ" ಎಂದು ಹರಸಿ ಕೊರಟಗೆರೆ ದಾರಿ ಹಿಡಿದರು. ಶಂಕರಲಿಂಗಪ್ಪ ಎದ್ದ, ಎರಡು ಹೆಜ್ಜೆ ಇಟ್ಟ, ಮತ್ತೆ ಕೂತ. ಏನೆಂದು ಕೂಗುವುದು? ಅವನ ಹಾಲುಬಾಯಿ ಅಯ್ಯನವರ ಹೆಗಲೇರಿ ಬೀದಿಯ ಮೂಲೆ ತಿರುಗಿತು.

ಸಂಜೆ ಗಾಡಿಯ ಸದ್ದಾಯಿತು. ಬಸವಮ್ಮ ಇಳಿದಳು. ಅವಳ ಹಿಂದೆ ಚನ್ನಮಲ್ಲಯ್ಯನವರೂ ಇಳಿದರು! ಬೀದಿಯವರು ಮತ್ತೆ ಓಡಿಬಂದು ಅಡ್ಡಬಿದ್ದರು, ಭಿಕ್ಷೆ ಹಾಕಿದ್ದನ್ನೂ ವಿಭೂತಿ ಉದುರಿದ್ದನ್ನೂ ಬಸವಮ್ಮನಿಗೆ ಒಪ್ಪಿಸಿದರು. ಬಸವಮ್ಮ ಗಂಡನನ್ನು ಅಡುಗೆಮನೆಗೆ ಕರೆದಳು. ಅವಳ ಕೈಯಲ್ಲಿ ಕಾವಿ ಚೀಲವಿತ್ತು.

"ಎದುರಿಗೆ ಬಂದ ಅಯ್ನೋರ ಹಿಂದೆ ದಾರಿ ಉದ್ದಕ್ಕೂ ರಂಗೋಲಿ ಎಳ್ದಂಗೆ ರಾಗಿಹಿಟ್ಟು. ಅಯ್ನೋರನ್ನ ನಿಲ್ಲಿಸಿ ನೋಡಿದ್ರೆ ನಮ್ಮಜ್ಜಿ ಹೊಲಿಗೆ! ಕೆಮ್ಮಣ್ಣಿನ ಬಾನಿಗೆ ಅದ್ದಿದ್ರಾ?"

"ಹ್ಞೂಂ" ಎಂದ ಶಂಕರಲಿಂಗಪ್ಪ, ಕಣ್ಣು ಮುಚ್ಚಿಕೊಂಡು.

ಸಿಡಿಲು ಬೀಳಲಿಲ್ಲ. ಕಣ್ಣು ಬಿಟ್ಟರೆ ಬಸವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ತಣ್ಣೀರಲ್ಲಿ ನಾಕು ಸಲ ಜಾಲಿಸಿದ್ರೆ ಹೋಗೋ ಮಣ್ಣಿಗೆ ಊರಿಗೆಲ್ಲ ಹಿಟ್ಟು ಬಳಿಸಿದ್ರಲ್ಲ! ಇವತ್ತು ಹಾಲುಬಾಯಿ ಮಾಡೇ ಮಾಡ್ತೀನಿ. ಅಯ್ನೋರಿಗೂ ಹೇಳಿದ್ದೀನಿ, ಭಿಕ್ಷೆ ಹಾಕಿದ ಬೀದಿಯೋರಿಗೂ ಹೇಳ್ತೀನಿ."

ಶಂಕರಲಿಂಗಪ್ಪನಿಗೆ ಕುಣಿಯುವಷ್ಟು ಖುಷಿಯಾಯಿತು. ಅಯ್ಯನವರ ಹೊಸ ಜೋಳಿಗೆಗೆಂದು ಬಸವಮ್ಮ ಅವನ ದಸರೆಯ ದಪ್ಪನೆ ಪಂಚೆಯನ್ನೇ ಕತ್ತರಿಸಿದಾಗಲೂ ಆ ಖುಷಿ ಇಳಿಯಲಿಲ್ಲ. ತಾನೇ ರಾಗಿ ರುಬ್ಬಿದ, ಬೆಳ್ಳಗಾದ ಚೀಲದಲ್ಲಿ ತಾನೇ ಹಾಲು ಹಿಂಡಿದ, ಒಲೆಯ ಮುಂದೆ ಕೈಸೋಲುವವರೆಗೆ ತಿರುವಿದ. ಏಲಕ್ಕಿ, ಬೆಲ್ಲ, ತುಪ್ಪದ ಘಮಕ್ಕೆ ಬೆಳಗಿನ ಸಂಕಟವೆಲ್ಲ ಮರೆತೇಹೋಯಿತು.

ದೀಪ ಹಚ್ಚಿದ ಮೇಲೆ ಪಂಕ್ತಿ ಕೂತಿತು. ಅಯ್ಯನವರಿಗೆ ಮೊದಲು, ಆಮೇಲೆ ಮಹಾಲಿಂಗಯ್ಯನವರಿಗೆ, ಆಮೇಲೆ ಕಮಲಾಕ್ಷಮ್ಮನಿಗೆ, ಹೀಗೆ ಸಾಲಾಗಿ ಬಡಿಸುತ್ತಾ ಬಸವಮ್ಮ ಕೊನೆಯ ಎಲೆಯ ಹತ್ತಿರ ಬಂದಳು. ಶಂಕರಲಿಂಗಪ್ಪ ಎಲೆಯನ್ನು ಎರಡೂ ಕೈಯಿಂದ ಮುಂದಕ್ಕೆ ಸರಿಸಿದ.

"ನಿಲ್ಸಮ್ಮ, ನಿಲ್ಸು!" ಮಹಾಲಿಂಗಯ್ಯ ಬಾಯಿ ತುಂಬ ಹಾಲುಬಾಯಿ ಇಟ್ಟುಕೊಂಡೇ ಕೂಗಿದರು. "ವ್ರತ ಕೆಡಿಸ್ಬ್ಯಾಡ! ನಾಳೆ ಹೊತ್ತು ಹುಟ್ಟೋ ಗಂಟ ಅವ್ನು ಏನೂ ತಿನ್ನಂಗಿಲ್ಲ!"

"ಹೌದು ಕಣಮ್ಮ, ನನ್ನ ಮುಂದೇನೇ ಹೇಳವ್ರೆ" ಎಂದಳು ಕಮಲಾಕ್ಷಮ್ಮ.

ಶಂಕರಲಿಂಗಪ್ಪ ದೈನ್ಯದಿಂದ ಹೆಂಡತಿಯ ಮುಖ ನೋಡಿದ. ಬಸವಮ್ಮ ಹಾಲುಬಾಯಿಯ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ವ್ರತ ಅಂದ್ಮೇಲೆ ವ್ರತಾನೇ. ಅಯ್ನೋರ ಹಿಟ್ಟೆಲ್ಲ ದಾರಿಪಾಲಾಯ್ತು, ಉಳಿದ ಹಾಲುಬಾಯೀನ ಅವ್ರ ಜೋಳಿಗೆಗೇ ಹಾಕ್ತೀನಿ."

ಉಳಿದ ಹಾಲುಬಾಯಿಯೆಲ್ಲ ದಸರೆ ಪಂಚೆಯ ಜೋಳಿಗೆ ಸೇರಿತು. ಅದರಿಂದ ಒಂದು ಚೂರೂ ಕೆಳಗೆ ಬೀಳಲಿಲ್ಲ. ಬಸವಮ್ಮ ಒದ್ದೆ ಚೀಲವನ್ನು ತಂದು ಗಂಡನ ಖಾಲಿ ಎಲೆಯ ಮೇಲಿಟ್ಟಳು.

"ತೊಳ್ಕೊಂಡು ಬನ್ನಿ. ಈ ಸಲ ಬಾನಿ ನೋಡ್ಕೊಂಡು."