ತುಂಬಿದ ಗ್ಲಾಸಿನ ಪ್ರಶ್ನೆ

ಎಲ್ಲಕ್ಕೂ ಮೂಲ ಒಂದು ಗ್ಲಾಸು ನೀರು. ಅದೂ ನಿಜವಾದದ್ದಲ್ಲ, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು.

ಬೆಳಿಗ್ಗೆ ಶಾಲೆಯ ಗೇಟು ದಾಟುತ್ತಿದ್ದಂತೆಯೇ ಹೆಡ್ ಮೇಡಂ ವಿಜ್ಞಾನದ ಮೇಷ್ಟ್ರನ್ನು ತಡೆದು ಸುದ್ದಿ ಹೇಳಿದ್ದರು. "ಮಧ್ಯಾಹ್ನ ಮೂರಕ್ಕೆ ಇಲಾಖೆಯಿಂದ ಸಾಹೇಬ್ರು ಬರ್ತಾರೆ. ಮಕ್ಕಳಿಗೂ ಮೇಷ್ಟ್ರುಗಳಿಗೂ ಒಂದೇ ಪತ್ರಿಕೆ. ಯಾರಿಗೆ ಎಷ್ಟು ಅರ್ಥ ಆಗಿದೆ ಅಂತ ಅಳೀತಾರಂತೆ. ತೇಲೋದು, ಕರಗೋದು, ಇವೆರಡೇ ಪಾಠ. ತಪ್ಪು ಬರೆದ ಮೇಷ್ಟ್ರಿಗೆ ರಜೇಲಿ ಹತ್ತು ದಿನ ತರಬೇತಿ."

ರಜೆ ಎಂದದ್ದೇ ಮೇಷ್ಟ್ರಿಗೆ ಹೆಂಡತಿಯ ನೆನಪಾಯಿತು. ಆಕೆಗೆ ಕಡಲು ತೋರಿಸುತ್ತೇನೆ ಎನ್ನುತ್ತಲೇ ಹನ್ನೊಂದು ವರ್ಷ ತಳ್ಳಿದ್ದರು. ಈ ಸಲ ಆಕೆಯೇ ರೈಲಿನ ಟಿಕೆಟು ಮಾಡಿಸಿ, ಕ್ಯಾಲೆಂಡರಿನಲ್ಲಿ ತಾರೀಕಿಗೆ ಕೆಂಪು ಸುತ್ತು ಹಾಕಿ, "ಇನ್ನೊಂದು ನೆಪ ಹೇಳಿ ನೋಡಿ" ಎಂದಿದ್ದಳು. ಹೇಳಿದರೆ ಏನಾಗುತ್ತದೆ ಎಂದು ಕೇಳುವ ಧೈರ್ಯ ಮೇಷ್ಟ್ರಿಗೆ ಇರಲಿಲ್ಲ.

ಸೀದಾ ತರಗತಿಗೆ ಓಡಿದರು. ಹಲಗೆಯ ಮೇಲೆ ಅಂಚಿನವರೆಗೆ ತುಂಬಿದ ಗ್ಲಾಸು, ಅದರಲ್ಲಿ ತೇಲುವ ಐಸು ಬರೆದು, "ಐಸು ಕರಗಿದ್ರೆ ಏನಾಗುತ್ತೆ? ನೀರು ಜಾಸ್ತಿಯಾಗಿ ಹೊರಗೆ ಚೆಲ್ಲುತ್ತೆ. ಎಲ್ಲರೂ ಹೇಳಿ!" ಎಂದರು. ಹದಿನೆಂಟು ವರ್ಷದಿಂದ ಹೇಳಿಕೊಂಡು ಬಂದದ್ದೇ ಅದು. ಮಕ್ಕಳು ಸೂರು ಹಾರಿಹೋಗುವಂತೆ ಹೇಳಿದವು.

"ಚೆಲ್ಲಲ್ಲ ಸಾರ್," ಎಂದಿತು ಹಿಂದಿನ ಬೆಂಚಿನಿಂದ ಒಂದು ಧ್ವನಿ. ಜ್ಯೂಸ್ ಅಂಗಡಿಯವನ ಮಗಳು.

"ಅಧಿಕಪ್ರಸಂಗಿ! ನಡಿ ಹೊರಗೆ!"

ಅವಳು ಹೊರಗೆ ಹೋದಳು. ಅನುಮಾನ ಮಾತ್ರ ಒಳಗೇ ಉಳಿಯಿತು.

ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲಿ ಮಾತು ತೆಗೆದದ್ದೇ ತಪ್ಪಾಯಿತು. "ಚೆಲ್ಲಲೇಬೇಕು. ನೀರಿಗೆ ನೀರು ಕೂಡಿದ್ರೆ ಕಡಿಮೆ ಆಗುತ್ತೇನ್ರೀ?" ಎಂದರು ಲೆಕ್ಕದ ಮೇಷ್ಟ್ರು. "ನಮ್ಮನೆ ಫ್ರಿಜ್ ಕೆಟ್ಟಾಗ ಅಡುಗೆಮನೆಯೆಲ್ಲಾ ನೀರು," ಎಂದು ಹೊಲಿಗೆ ಟೀಚರು ಸಾಕ್ಷಿ ನುಡಿದರು. "ಬರೀ ಮಾತ್ಯಾಕೆ? ಮಾಡೇ ನೋಡೋಣ," ಎಂದ ಡ್ರಿಲ್ ಮೇಷ್ಟ್ರು ರಸ್ತೆಯಾಚೆಯ ಜ್ಯೂಸ್ ಅಂಗಡಿಯಿಂದ ಐಸು ತಂದೇಬಿಟ್ಟರು.

ಗ್ಲಾಸಿಗೆ ಐಸು ಬಿಟ್ಟು, ಅಂಚಿನವರೆಗೆ ನೀರು ತುಂಬಿಸಿ, ಎಲ್ಲರೂ ಸುತ್ತ ಕುಳಿತರು. ಅರ್ಧ ಕರಗುವಷ್ಟರಲ್ಲಿ ಗಂಟೆ ಹೊಡೆಯಿತು. ಮೇಷ್ಟ್ರು ಒಂದು ಪಾಠ ಮುಗಿಸಿ ಏದುಸಿರು ಬಿಡುತ್ತಾ ಬಂದು ನೋಡಿದರೆ ಗ್ಲಾಸು ಖಾಲಿ.

"ಬಿಸಿಲಲ್ಲಿ ಮಕ್ಕಳನ್ನ ಓಡಿಸಿ ಬಂದೆ, ಬಾಯಾರಿತ್ತು," ಎಂದರು ಡ್ರಿಲ್ ಮೇಷ್ಟ್ರು ಮೀಸೆ ಒರೆಸಿಕೊಳ್ಳುತ್ತಾ.

"ಅಯ್ಯೋ ಪುಣ್ಯಾತ್ಮ! ಚೆಲ್ಲಿತ್ತೋ ಇಲ್ವೋ, ಅದನ್ನ ಹೇಳಿ."

"ಕುಡಿಯೋವಾಗ ಸ್ವಲ್ಪ ಚೆಲ್ತು."

ಎರಡನೇ ಗ್ಲಾಸನ್ನು ಯಾರೂ ಮುಟ್ಟದಿರಲೆಂದು ಹೆಡ್ ಮೇಡಂ ಅವರ ಮೇಜಿನ ಮೇಲಿಟ್ಟು ಮೇಷ್ಟ್ರೇ ಕಾವಲು ನಿಂತರು. ಲೆಕ್ಕದ ಮೇಷ್ಟ್ರು ಹತ್ತಿರದಿಂದ ನೋಡಲೆಂದು ಬಗ್ಗಿದರು, ಮೊಣಕೈ ತಗುಲಿತು, ನೀರೆಲ್ಲಾ ಹಾಜರಿ ಪುಸ್ತಕದ ಮೇಲೆ ಹರಿಯಿತು. "ನೋಡಿದ್ರಾ! ಚೆಲ್ತು! ನಾನ್ ಹೇಳ್ಲಿಲ್ವಾ?" ಎಂದು ಅವರು ಕುಣಿದಾಡಿದರು. ಮೇಡಂ ಬೈದದ್ದು ಮಾತ್ರ ವಿಜ್ಞಾನದ ಮೇಷ್ಟ್ರನ್ನು.

ಗಂಟೆ ಎರಡೂವರೆಯಾಯಿತು. ಮೇಷ್ಟ್ರು ಮಾನ ಮರ್ಯಾದೆ ಬದಿಗಿಟ್ಟು ತರಗತಿಯ ಬಾಗಿಲಿಗೆ ಹೋದರು. ಅವರ ಮುಖ ಕಂಡದ್ದೇ ಜ್ಯೂಸ್ ಅಂಗಡಿಯವನ ಮಗಳು ತಾನಾಗಿಯೇ ಎದ್ದು ಹೊರಗೆ ಬಂದು ನಿಂತಳು.

"ಏನಮ್ಮಾ, ಬೆಳಿಗ್ಗೆ ಏನೋ ಅಂದ್ಯಲ್ಲ?"

"ಚೆಲ್ಲಲ್ಲ ಸಾರ್. ದಿನಾ ಸಂಜೆ ಅಂಗಡೀಲಿ ನೋಡ್ತೀನಲ್ಲ. ತೇಲೋ ಐಸು ತಾನು ಮುಳುಗಿರೋಕೆ ಎಷ್ಟು ನೀರನ್ನ ಪಕ್ಕಕ್ಕೆ ತಳ್ಳಿರುತ್ತೋ, ಕರಗಿದ ಮೇಲೆ ಅಷ್ಟೇ ಜಾಗದಲ್ಲಿ ಸರಿಯಾಗಿ ಹಿಡಿಸುತ್ತೆ."

"ಖಂಡಿತಾನಾ?"

"ಪೂರ್ತಿ ಖಂಡಿತ ಸಾರ್. ಚೆಲ್ಲೋ ಹಾಗಿದ್ರೆ ಮೇಜು ಒರೆಸಿ ಒರೆಸಿ ನನ್ನ ಕೈ ಬಿದ್ದುಹೋಗ್ತಿತ್ತು."

ಮೂರಕ್ಕೆ ಸರಿಯಾಗಿ ಸಾಹೇಬರು ಬಂದರು. ಪತ್ರಿಕೆಯಲ್ಲಿ ಒಂದೇ ಪ್ರಶ್ನೆ, ಅದೇ ಗ್ಲಾಸು, ಅದೇ ಐಸು! ಕೆಳಗೆ ಮೂರು ಕಾಲಂ: ಉತ್ತರ, ಕಾರಣ, ನಿಮಗೆಷ್ಟು ಖಂಡಿತ. ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. ಹುಡುಗಿ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದು, ಮೂರನೇ ಕಾಲಂನಲ್ಲಿ 'ಪೂರ್ತಿ ಖಂಡಿತ' ಎಂದು ಗೀಚಿ, ಅಡಿಯಲ್ಲಿ ಎರಡು ಗೆರೆ ಎಳೆದರು. ಕಿವಿಯಲ್ಲಿ ಆಗಲೇ ಅಲೆಗಳ ಸದ್ದು.

ಐದಕ್ಕೆ ಸಾಹೇಬರು ಕರೆಸಿದರು.

"ಇಡೀ ಶಾಲೇಲಿ ಸರಿಯಾಗಿ ಬರೆದ ಮೇಷ್ಟ್ರು ಅಂದ್ರೆ ನೀವೊಬ್ಬರೇ. ಉತ್ತರ ಸರಿ, ಕಾರಣ ಸರಿ, ಅನುಮಾನದ ಸುಳಿವೇ ಇಲ್ಲ. ನಿಮಗೆ ತರಬೇತಿ ಬೇಡ."

ಮೇಷ್ಟ್ರು ಉಬ್ಬಿಹೋದರು.

"ಆದ್ರೆ ನಿಮ್ಮ ಕ್ಲಾಸಿನ ನಲವತ್ತು ಮಕ್ಕಳು 'ಚೆಲ್ಲುತ್ತದೆ' ಅಂತ ಬರೆದಿದ್ದಾರೆ. ಕಾರಣ, 'ಇವತ್ತು ಬೆಳಿಗ್ಗೆ ಸಾರ್ ಹೇಳಿದರು'. ನಲವತ್ತು ಮಂದಿಗೂ ಪೂರ್ತಿ ಖಂಡಿತ! ಸರಿಯಾಗಿ ಬರೆದಿರೋದು ಒಬ್ಬಳೇ. ವಿಚಾರಿಸಿದೆ. ನೀವು ಪಾಠ ಮಾಡೋವಾಗ ಅವಳು ಒಳಗಿರ್ಲಿಲ್ವಂತೆ."

ಮೇಷ್ಟ್ರು ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದರು.

"ಆ ನಲವತ್ತು ಮಕ್ಕಳಿಗೆ ರಜೇಲಿ ಹತ್ತು ದಿನ ವಿಶೇಷ ತರಗತಿ ಇಟ್ಟಿದ್ದೀನಿ. ಬೇರೆ ಮೇಷ್ಟ್ರುಗಳೆಲ್ಲಾ ತರಬೇತಿಗೆ ಹೋಗ್ತಾರೆ. ಇಲ್ಲಿ ಪಾಠ ಮಾಡೋಕೆ ಉಳಿದೋರು ನೀವೇ."

ಮನೆಯಲ್ಲಿ ಹೆಂಡತಿ ಹಾಡು ಗುನುಗುತ್ತಾ ಸೂಟ್‌ಕೇಸ್ ತುಂಬುತ್ತಿದ್ದಳು. ಮೇಷ್ಟ್ರು ನಡೆದದ್ದನ್ನೆಲ್ಲಾ ಒಂದೇ ಉಸಿರಿಗೆ ಹೇಳಿ ತಲೆ ತಗ್ಗಿಸಿ ನಿಂತರು. ಆಕೆ ಬೈಯಲಿಲ್ಲ. ಅವರ ಎರಡು ಅಂಗಿಗಳನ್ನು ಸೂಟ್‌ಕೇಸಿನಿಂದ ತೆಗೆದು ಕುರ್ಚಿಯ ಮೇಲಿಟ್ಟಳು.

"ನಾನು ನಮ್ಮಕ್ಕನ್ನ ಕರ್ಕೊಂಡು ಹೋಗ್ತೀನಿ ಕಣ್ರೀ."

"ಏನೇ ಇದು... ಖಂಡಿತಾನಾ?"

"ಪೂರ್ತಿ ಖಂಡಿತ," ಎಂದು ಆಕೆ ಸೂಟ್‌ಕೇಸಿನ ಮುಚ್ಚಳ ಒತ್ತಿದಳು. "ಕಾರಣಾನೂ ಬರ್ಕೊಡ್ಲಾ?"