ಚೆಸ್ ಹಲಿಗಿ ಮ್ಯಾಲ ನಮ್ಮ ಓಣಿ

ಖರೇ ಹೇಳ್ರಿ, ನಿಮ್ಮ ಮಗ್ಗಲ ಮನಿಯಾಕಿನ ಒಮ್ಮೆರ ಹೊಡದು ಡಬ್ಬ್ಯಾಗ ಹಾಕಬೇಕು ಅಂತ ಅನಿಸಿಲ್ಲೇನು? ತಲಿ ತಗ್ಗಸಬ್ಯಾಡ್ರಿ, ನನಗೂ ಅನಿಸೈತಿ. ಆದ್ರ ಅವಕಾಶ ಬಂದಾಗ ಕೈ ಏಳಂಗಿಲ್ಲ ನೋಡ್ರಿ, ಅದ ಮನಷ್ಯಾರ ಹಣೇಬರ. ಇದನ್ನ ನಾ ಮಗ ಕೊಡಿಸಿದ ಫೋನಿನ್ಯಾಗ ಒಂದ ಬೆರಳಿಲೆ ಕುಟಗೋಂತ ಬರ್ಯಾಕತ್ತೀನಿ. ಒಂದಕ್ಷರ ಒತ್ತಿದ್ರ ಅದು ಮೂರು ಮಾತು ತಂದು ಮುಂದಿಡತೈತಿ, ಹೊಸಾ ಸೊಸಿ ಹಂಗ. ಎರಡು ದಿನ ಆದಮ್ಯಾಲ ಗೊತ್ತಾತು, ಮೂರರಾಗ ಒಂದೂ ನನಗ ಬೇಕಾದ್ದಲ್ಲ. ಇರಲಿ, ಸೊಸಿ ಇದನ್ನ ಓದ್ತಾಳ, ಮುಂದಕ್ಕ ಹೋಗೋಣ.

ನಮ್ಮ ಮೊಮ್ಮಗಳು ಅಕ್ಷತಾ ಈಗ ನಾಕನೇತ್ತ. ಸಾಲ್ಯಾಗ ಮಾಸ್ತರು ಚೆಸ್ ಕಲಿಸ್ಯಾರ. ಹುಡುಗಿ ಹೆಂಗ ಕಲಿತಳು ಅಂದ್ರ, ಊಟಕ್ಕ ಕುಂತಾಗ ರೊಟ್ಟಿ ಮುರದು ಹಲಿಗಿ ಮಾಡಿ, ಪುಠಾಣಿ ಕಾಳು ಸರಸ್ತಿದ್ಲು. ಇನ್ನ ಎರಡು ತಿಂಗಳಿಗೆ ತಾಲೂಕಿನ ಪಂದ್ಯ, ಅದೂ ನಮ್ಮ ಕುಷ್ಟಗಿಯಾಗ. ಹುಟ್ಟಿದ ದಿನಕ್ಕ ಒಂದು ಛಂದನ್ನ ಚೆಸ್ ಕೊಡಸ್ತೀನಿ ಅಂತ ನಾ ಮಾತು ಕೊಟ್ಟುಬಿಟ್ಟೆ. ನನ್ನ ಮಗ ವೀರೇಶ ತನ್ನ ಪೈಪಿನ ಅಂಗಡ್ಯಾಗ ಕುಂತು ಫೋನಿನ್ಯಾಗ ತರಾವರಿ ತೋರಿಸಿದ. ಒಂದರಾಗ ಜಿರಾಫಿ ರಾಜ, ಮೊಲ ಸಿಪಾಯಿ. ಇನ್ನೊಂದು ಪೂರಾ ಗಾಜಿಂದು, ಚಷ್ಮಾ ಹಾಕ್ಕೊಂಡ್ರೂ ನನಗ ಕಾಣಲಿಲ್ಲ. ದೇವರದೂ ಒಂದಿತ್ರಿ, ಗಣಪ್ಪನ್ನ ಆನಿ ಜಾಗಾದಾಗ ನಿಂದ್ರಿಸ್ಯಾರ. ಗಣಪ್ಪನ್ನ ಹೊಡದು ಹೊರಗ ಇಡೋದು ಹೆಂಗ? ಹೊಡದಾಗೊಮ್ಮೆ ಗಲ್ಲ ಗಲ್ಲ ಬಡಕೋಂತ ಕುಂತ್ರ ಆಟ ಮುಗಿಯೋದ್ಯಾವಾಗ?

"ಯವ್ವಾ, ಸಾದಾ ಪ್ಲಾಸ್ಟಿಕ್ಕಿಂದ ತೊಗೊಳ್ಳೋಣು, ಪಂದ್ಯದಾಗೂ ಅದ ಇರತೈತಿ" ಅಂದ ವೀರೇಶ. ಮಗ ಶಾಣ್ಯಾ ಅದಾನ, ಅದಕ್ಕ ಅವನ ಮಾತು ಕೇಳಲಿಲ್ಲ. ಕಟಗಿ ಗೊಂಬಿ ಮಾಡೋ ಕಿನ್ನಾಳ ಇಷ್ಟು ಹಂತ್ಯಾಕ ಇಟಗೊಂಡು ಫೋನಿನ್ಯಾಗ ಗೊಂಬಿ ಹುಡಕೋದು, ಹೊಳಿ ದಂಡಿಗೆ ಕುಂತು ನೀರಿನ ಬಾಟ್ಲಿ ಕೊಂಡಂಗ. ಮರುದಿನ ಕೊಪ್ಪಳದ ಬಸ್ ಹತ್ತಿದೆ.

ಕಿನ್ನಾಳದ ಚಿತ್ರಗಾರ ನನ್ನ ವಾರಗಿಯವ. ಕಟಗಿ ಹೊಟ್ಟಿಗೆ ಹುಣಸಿಬೀಜದ ಅಂಟು ಕಲಸಿ ಒಂದು ಕುದುರಿ ಮೂಗು ತಿದ್ದಾಕತ್ತಿದ್ದ. ನಾ ಚೆಸ್ ಅಂದೆ. "ನನಗ ಚೌಕಾಬಾರ ಬರತೈತ್ರಿ ಅವ್ವಾರ, ಇದು ಗೊತ್ತಿಲ್ಲ" ಅಂದ. ಫೋನಿನ್ಯಾಗ ಚಿತ್ರ ತೋರಿಸಿದೆ. ರಾಜ, ರಾಣಿ, ಆನಿ, ಕುದುರಿ, ಒಂಟಿ ಎಲ್ಲಾ ತಲಿ ಹಾಕಿ ಒಪ್ಪಿಕೊಂಡ. ಸಿಪಾಯಿಗಳ ಸಾಲಿಗೆ ಬಂದು ನಿಂತ. "ಎಂಟೂ ಒಂದ ಥರ ಯಾಕ್ರಿ? ಮುಖನೂ ಇಲ್ಲ. ಸಿಪಾಯಿ ಅಂದ್ರ ಮೂಗು ಇರಂಗಿಲ್ಲೇನ್ರಿ?"

ಆ ಮಾತು ನನಗ ಎಷ್ಟು ಛಲೋ ಅನಿಸ್ತು ಅಂದ್ರ, ಕುಂತಲ್ಲೇ ಒಂದು ಕಿತಾಪತಿ ಹೊಳೀತು. ನಮ್ಮ ಓಣಿಯವರನ್ನ ಸಿಪಾಯಿ ಮಾಡೋಣು! ಫೋನಿನ್ಯಾಗ ಎಲ್ಲಾರ ಫೋಟೋ ಇದ್ದುವಲ್ಲ, ಒಂದೊಂದ ತೋರಿಸಿದೆ. ಬಳಿ ಮಾರೋ ಇಮಾಂಬಿ, ಹಿಟ್ಟಿನ ಗಿರಣಿ ಶರಣಪ್ಪ, ಹಾಲಿನ ಬಸವ್ವ, ಹಿಂಗ ಎಂಟು ಮಂದಿ. "ಎದುರಿನವರು ಯಾರ್ರಿ?" ಅಂದ. ನನ್ನ ಫೋಟೋ ಮುಗದಿದ್ದುವು. "ಹಂಗಾರ ನಮ್ಮ ಕಿನ್ನಾಳದವರಿರಲಿ" ಅಂತ ತಾನ ಹೇಳಿದ. ಮೀಸಿ ಎಲ್ಲಾ ಅವರ ಕಡೇನ ಛಂದ ಮಾಡಿದ, ನಾ ಲಕ್ಷ ಕೊಡಲಿಲ್ಲ ಅಂದುಕೊಂಡಾನ.

ಒಂದು ತಿಂಗಳಿಗೆ ಹೋದ್ರ ಬಣ್ಣ ಎಲ್ಲಾ ಮುಗದಿತ್ತು, ಕಣ್ಣು ಮಾತ್ರ ಬರದಿರಲಿಲ್ಲ. ನಾ ಬಂದಮ್ಯಾಲ, ಕೈಕಾಲು ತೊಳಕೊಂಡು ಬಂದು, ಉಸಿರು ಹಿಡದು ಒಂದೊಂದ ಕಣ್ಣು ಬರದ. ಅರವತ್ತನಾಕು ಕಣ್ಣು ಆಗಬೇಕಿತ್ತು, ಆನಿ ಮ್ಯಾಲಿನ ಮಾವುತಗೂ ಬರದ, ಒಂಟಿ ಮ್ಯಾಲಿನವಗೂ ಬರದ. ಕೈ ಒಂದು ಎಳಿ ಅಲುಗಲಿಲ್ಲ. "ಈಗ ಅವು ನೋಡ್ತಾವ್ರಿ ಅವ್ವಾರ. ಡಬ್ಬ್ಯಾಗ ತಲಿಕೆಳಗ ಇಡಬ್ಯಾಡ್ರಿ" ಅಂದ. ಬಸ್ಸಿನ್ಯಾಗ ಡಬ್ಬಿ ತೊಡಿ ಮ್ಯಾಲ ಇಟಗೊಂಡು, ಮುಚ್ಚಳ ತಗದು ತಗದು ನೋಡಿದೆ. ಶರಣಪ್ಪನ ಹುಬ್ಬಿನ ಮ್ಯಾಲ ಹಿಟ್ಟಿನ ಧೂಳು ಸುದ್ದಾ ಬರದಿದ್ದ, ಆ ಪುಣ್ಯಾತ್ಮ.

ಅಕ್ಷತಾ ನೋಡಿ ಕುಣದಳು. ಮಗ ನೋಡಿ, "ಇದೇನು ಚೆಸ್ಸೋ, ಮತದಾರರ ಪಟ್ಟಿನೋ?" ಅಂದ. ಆದ್ರ ತ್ರಾಸು ಸುರು ಆದದ್ದು ಓಣಿಗೆ ಸುದ್ದಿ ಮುಟ್ಟಿದಮ್ಯಾಲ. ಇಮಾಂಬಿ ಬಂದು, "ಅಕ್ಕಾ, ನನ್ನ ಮೂಗು ಇಷ್ಟ ದಪ್ಪ ಐತೇನ?" ಅಂತ ಕೇಳಿದ್ಲು. ಕೇಳಿದಾಕಿ ಗೊಂಬಿ ಕೆಳಗಿಡಲಿಲ್ಲ, ಅಂಗೈಯಾಗ ಇಟಗೊಂಡು ಒಂದು ತಾಸು ಕುಂತ್ಲು. ಶರಣಪ್ಪ ದಿನಾ ಸಂಜಿಗೆ ಗಿರಣಿ ಬಂದ್ ಮಾಡಿ ಹೋಗೂ ಮುಂದ ಕಿಡಕ್ಯಾಗ ಹಣಿಕಿ ಹಾಕಿ, "ಇವತ್ತು ಇದ್ದೀನೋ, ಹೋದ್ನೋ?" ಅಂತ ಕೇಳಾವ. ಬಸವ್ವನ್ನ ವೀರೇಶ ಒಂದಿನ ಮೂರನೇ ನಡಿಗ್ಯಾಗನ ಹೊಡದದ್ದಕ್ಕ, ಮರುದಿನದ ಹಾಲಿನ್ಯಾಗ ನೀರು ಜಾಸ್ತಿ ಇತ್ತು.

ಇಂಥಾ ಗದ್ದಲದಾಗ ಹುಡುಗಿ ಏನು ಆಡಬೇಕು? ಚೆಸ್ಸಿನ್ಯಾಗ ಸಿಪಾಯಿ ಕೊಡದ ಗೆಲ್ಲಾಕ ಬರಂಗಿಲ್ಲಂತ. ಈಕಿ ಒಬ್ಬರನ್ನೂ ಕೊಡವಲ್ಲಳು. ಇಮಾಂಬಿಗೆ ಪೆಟ್ಟು ಬೀಳತೈತಿ ಅಂದ್ರ ಕಣ್ಣಾಗ ನೀರು. ಆಕಿ ಕಡಿಂದನ ಆಟ ಕಲತು ನಾ ಎದುರು ಕುಂತ್ರೂ ಅದ ಹಾಡು, ಇಮಾಂಬಿ ಕಣ್ಣು ನನ್ನ ನೋಡಿದ್ರ ನನ್ನ ಕೈಯೂ ಹಿಂದಕ್ಕ ಬರತಿತ್ತು. ಅಪ್ಪನ ಕೂಡ ಆಡಿದ ಹತ್ತು ಆಟದಾಗ ಹತ್ತೂ ಸೋತ್ಲು.

ಪಂದ್ಯಕ್ಕ ಒಂದು ವಾರ ಇದ್ದಾಗ ವೀರೇಶ ಸಿಟ್ಟಿಗೆದ್ದ. "ಯವ್ವಾ, ನೀ ಗೊಂಬಿ ತರಲಿಲ್ಲ, ಹುಡುಗಿ ಆಟ ಕೆಡಿಸಿದಿ. ಮಾಸ್ತರು ಇಕಿ ಮ್ಯಾಲ ಎಷ್ಟು ಭರೋಸಾ ಇಟ್ಟಾರ ಗೊತ್ತೈತೇನು?" ಅಂತ ಹೇಳಿ ನಮ್ಮ ಓಣಿನ್ನ ಎತ್ತಿ ಕಪಾಟಿನ್ಯಾಗ ಇಟ್ಟ. ನೆಟ್ಟಗ ನಿಂದ್ರಿಸಿ ಇಟ್ಟ, ಅಷ್ಟರ ಬುದ್ಧಿ ಕಲಿಸೇನಿ. ನನಗ ಅನ್ನ ಸೇರಲಿಲ್ಲ. ನನ್ನ ಕಿತಾಪತಿಗೆ ಹುಡುಗಿ ಸೋತು ಬಂದ್ರ, ಆಕಿ ಮುಂದ ಚೆಸ್ ಮುಟ್ಟದಿದ್ರ?

ಪಂದ್ಯದ ದಿನ ನಾನ ಕರಕೊಂಡು ಹೋದೆ. ಒಳಗ ಬಿಡಲಿಲ್ಲ, ಸಾಲಿ ಕಿಡಕಿ ಸರಳು ಹಿಡಕೊಂಡು ನಿಂತೆ. ಹಲಿಗಿ ಮ್ಯಾಲ ಎಲ್ಲಾ ಕರೇ ಬಿಳೇ ಪ್ಲಾಸ್ಟಿಕ್. ಆಟ ಸುರು ಆಗೂಕಿಂತ ಮದಲ ಅಕ್ಷತಾ ಒಂದೊಂದ ಸಿಪಾಯಿನ ಮುಟ್ಟಿ ತುಟಿ ಅಲುಗಾಡಿಸಿದ್ಲು. ಎದುರಿಗೆ ಕುಂತ ಎರಡು ಜಡಿ ಹುಡುಗಿ, ಇದ್ಯಾವ ಮಂತ್ರ ಅಂತ ಗಾಬರಿಯಾಗಿ ನೋಡಿದ್ಲು. ನನಗ ಗೊತ್ತಾತು, ಈಕಿ ಹೆಸರು ಇಡಾಕತ್ತಾಳ! ಹೋತು, ಎಲ್ಲಾ ಹೋತು ಅಂದುಕೊಂಡೆ.

ಎರಡು ಆಟ ಹೆಂಗೋ ಗೆದ್ದಳು. ಮೂರನೇದರಾಗ ಸಿಗಬಿದ್ಲು. ಕಡೀ ಸಾಲಿನ ಸಿಪಾಯಿ, ನಮ್ಮ ಮನ್ಯಾಗ ಅದು ಇಮಾಂಬಿ ಜಾಗಾ, ಎರಡ ಮನಿ ದಾಟಿದ್ರ ಆ ದಂಡಿ ಮುಟ್ಟತೈತಿ. ಆದ್ರ ಎದುರಿನಾಕಿ ಆನಿ ದಾರಿ ಕಾಯ್ಕೊಂಡು ನಿಂತೈತಿ. ಅಕ್ಷತಾ ಭಾಳ ಹೊತ್ತು ಗದ್ದಕ್ಕ ಕೈ ಕೊಟ್ಟು ಕುಂತ್ಲು. ಆಮ್ಯಾಲ ಥಟ್ಟನ ರಾಣಿನ ಎತ್ತಿ ಆ ಆನಿ ಬಾಯಾಗ ಇಟ್ಟುಬಿಟ್ಲು! ಆನಿ ರಾಣಿನ್ನ ಹೊಡ್ಯಾಕ ಸರೀತು, ದಾರಿ ಖಾಲಿ ಆತು. ಸಿಪಾಯಿ ಒಂದು ಮನಿ, ಇನ್ನೊಂದು ಮನಿ ನಡದು, ದಂಡಿ ಮುಟ್ಟಿ ತಾನ ರಾಣಿಯಾತು. ಮುಂದ ನಾಕ ನಡಿಗ್ಯಾಗ ಆಟ ಮುಗೀತು. ಮಾಸ್ತರು ಎದ್ದು ನಿಂತು ಚಪ್ಪಾಳಿ ತಟ್ಟಿದ್ರು. ನಾಕನೇ ಆಟ ಸೋತ್ಲು, ಸೋಲಲಿ ಬಿಡ್ರಿ, ಕೊಪ್ಪಳದ ಜಿಲ್ಲಾ ಪಂದ್ಯಕ್ಕ ಹೆಸರು ಬಂತು.

ನಾ ಹಿಗ್ಗಿದೆ ಖರೇ, ಆದ್ರ ಎದ್ಯಾಗ ಒಂದು ಮುಳ್ಳು. ನಿಮಗೊಂದು ಮಾತು ಮುಚ್ಚಿಟ್ಟಿದ್ದೆ. ನಮ್ಮ ಮನಿ ರಾಣಿಗೆ ಚಿತ್ರಗಾರನ ಕಡಿಂದ ಯಾರ ಮುಖ ಬರಸಿದೆ ಅಂತ ಹೇಳಲಿಲ್ಲ. ಬ್ಯಾರೆ ಯಾರ್ದು ಬರಸ್ಲಿ, ನೀವ ಹೇಳ್ರಿ?

ಮನಿಗೆ ಬರೂ ದಾರ್ಯಾಗ ಮಿರ್ಚಿ ಕೊಡಿಸಿ ಕೇಳೇ ಬಿಟ್ಟೆ. "ಏನವ್ವಾ, ಇಮಾಂಬಿಗೆ ಒಂದು ಗೀರು ಬೀಳಬಾರದು. ನನ್ನನ್ನ ಮಾತ್ರ ಹಿಡದು ಆನಿ ಬಾಯಾಗ ಇಟ್ಟಿ, ಒಂದೀಟೂ ಅಳು ಬರಲಿಲ್ಲೇನು?"

ಆಕಿ ಬಿಸಿ ಮಿರ್ಚಿ ಊದಿಕೋಂತ ಅಂದ್ಲು, "ಇಮಾಂಬಿ ಅಮ್ಮ ಸತ್ರ ಸತ್ಲು ಅಜ್ಜಿ. ನೀ ಹಂಗಲ್ಲ, ಯಾರರ ಒಬ್ರು ಆ ದಂಡಿ ಮುಟ್ಟಿದ್ರ ಸಾಕು, ಮತ್ತ ಎದ್ದು ಬಂದು ನಿಂದ್ರತಿ. ನಿನ್ನ ಎಷ್ಟು ಸಲ ಕೊಟ್ರೂ ಎಲ್ಲಿಗೆ ಹೋಗ್ತಿ!"